ರದ್ದಿ ರಟ್ಟಿನ ಕಡಲ ಪೆಟ್ಟಿಗೆ: ಕೊಡಗಿನ ಥಂಡಿಯಲ್ಲೂ ಉಳಿಯುವಂತೆ ಮಾಡುವುದು ಹೇಗೆ

ಕೊರಿಯರ್ ಬಂದ ಕಾರ್ಟನ್, ಬಿಸ್ಕತ್ತಿನ ಡಬ್ಬ, ಕಾಫಿ ಪುಡಿಯ ಪ್ಯಾಕೆಟ್, ಮಾತ್ರೆ ಖಾಲಿಯಾದ ಸ್ಟ್ರಿಪ್, ಜೋಡಿ ಕಳೆದುಕೊಂಡ ಜುಮುಕಿ. ಇಷ್ಟಿದ್ದರೆ ಗಾಜಿನ ಕಿಟಕಿಯಂಥ ಮುಚ್ಚಳವಿರುವ, ಒಳಗೆ ಮೂರು ಪದರಗಳಲ್ಲಿ ಸಮುದ್ರದ ತಳ ಕಾಣುವ ಪೆಟ್ಟಿಗೆ ಸಿದ್ಧವಾಗುತ್ತದೆ. ಕತ್ತರಿಸುವುದು, ಅಂಟಿಸುವುದು ಕಷ್ಟವೇನಲ್ಲ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಇಂಥ ಕೆಲಸವನ್ನು ಹಾಳುಮಾಡುವುದು ತೇವ. ಬಯಲುಸೀಮೆಯವರು ಬರೆದ ಸೂಚನೆಯಲ್ಲಿ ‘ಒಂದು ಗಂಟೆ ಒಣಗಲು ಬಿಡಿ’ ಎಂದಿದ್ದರೆ, ಜುಲೈ ತಿಂಗಳಲ್ಲಿ ಇಲ್ಲಿ ಅದನ್ನು ‘ಒಂದು ದಿನ’ ಎಂದು ಓದಿಕೊಳ್ಳಬೇಕು. ಹಾಗಾಗಿ ಕೆಳಗಿನ ಕ್ರಮವನ್ನು ಒಣಗುವ ಹೊತ್ತನ್ನು ಲೆಕ್ಕಹಾಕಿಯೇ ಜೋಡಿಸಿದೆ. ಹಂತ ಹಿಂದುಮುಂದು ಮಾಡಬೇಡಿ.

ಯಾವಾಗ ಮಾಡಬೇಕು

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಕಣದಲ್ಲಿ ಕಾಫಿ ಒಣಗುವ ಕಾಲದಲ್ಲಿ, ಮೂರು ಸಂಜೆಯಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಒಂದು ವಾರ ಹಿಡಿದುಕೊಳ್ಳಿ. ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯ ಹತ್ತಿರ ಇಡಬಹುದು, ಆದರೆ ಕನಿಷ್ಠ ಒಂದು ಮೀಟರ್ ದೂರದಲ್ಲಿ. ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತಿರಬೇಕು. ಒಂದೇ ಕಡೆಯಿಂದ ಶಾಖ ತಗುಲಿದರೆ ಆ ಮುಖ ಮೊದಲು ಒಣಗಿ ಕುಗ್ಗುತ್ತದೆ, ರಟ್ಟು ಅತ್ತಲೇ ಬಾಗುತ್ತದೆ. ಹಾಗೆ ಬಾಗಿ ಒಣಗಿದ ರಟ್ಟನ್ನು ಆಮೇಲೆ ಎಷ್ಟು ಭಾರ ಹೇರಿದರೂ ನೆಟ್ಟಗಾಗುವುದಿಲ್ಲ.

ಏನೇನು ಬೇಕು

ದಪ್ಪ ರಟ್ಟು: 3 ಮಿ.ಮೀ. ದಪ್ಪದ ಕಾರ್ಟನ್ ರಟ್ಟು, ಸುಮಾರು 60 × 50 ಸೆಂ.ಮೀ. ಮಡಿಕೆ, ಸ್ಟೇಪಲ್ ಪಿನ್ನು, ಟೇಪು ಇಲ್ಲದ ಜಾಗ ಆರಿಸಿ. ಗೋಡೌನಿನ ನೆಲದ ಮೇಲೆ ಕೂತಿದ್ದ ಪೆಟ್ಟಿಗೆ ಬೇಡ. ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಬೂಷ್ಟು ಆಗಲೇ ಒಳಗೆ ಸೇರಿದೆ ಎಂದರ್ಥ, ಬಣ್ಣ ಹಚ್ಚಿದರೂ ಮೇಲೆ ಬರುತ್ತದೆ.

ತೆಳು ರಟ್ಟು: ಬಿಸ್ಕತ್ತು, ಟೂತ್‌ಪೇಸ್ಟ್, ಓಟ್ಸ್ ಡಬ್ಬಗಳದ್ದು. ಒಳಗಿನ ಪದರಗಳಿಗೆ 20 × 14 ಸೆಂ.ಮೀ.ಗಿಂತ ದೊಡ್ಡ ಮೂರು ತುಂಡು ಬೇಕು. ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಮಾರುವ ಹೋಮ್‌ಮೇಡ್ ಚಾಕೊಲೇಟಿನ ದೊಡ್ಡ ಡಬ್ಬ ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣ ಹಚ್ಚುವುದು ಡಬ್ಬದ ಒಳಮುಖಕ್ಕೆ. ಹೊಳಪಿನ ಹೊರಮುಖ ಬಣ್ಣ ಹೀರುವುದಿಲ್ಲ, ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಬರುತ್ತದೆ.

ಕಿಟಕಿಗೆ: ಕೇಕ್ ಅಥವಾ ಸ್ವೀಟ್ ಡಬ್ಬದ ಗಟ್ಟಿ ಪಾರದರ್ಶಕ ಮುಚ್ಚಳ, 190 × 130 ಮಿ.ಮೀ. ಸಪಾಟಾದ ಭಾಗ. ಹೂಗುಚ್ಛಕ್ಕೆ ಸುತ್ತುವ ಮೆತ್ತನೆ ಹಾಳೆ ಬೇಡ, ಅದು ಸುಕ್ಕುಗಟ್ಟುತ್ತದೆ.

ಅಂಟು ಎರಡು ಬಗೆ. ರಟ್ಟಿಗೆ ರಟ್ಟು ಅಂಟಿಸಲು ಫೆವಿಕಾಲ್, 100 ಗ್ರಾಂ ಸಾಕು. ಪ್ಲಾಸ್ಟಿಕ್, ಫಾಯಿಲ್, ಲೋಹಕ್ಕೆ ಅದು ನಡೆಯುವುದಿಲ್ಲ. ಅದರಲ್ಲಿರುವ ನೀರು ಹೀರಿಹೋಗಲು ಅಲ್ಲಿ ದಾರಿಯೇ ಇಲ್ಲ. ಅವಕ್ಕೆ ಫೆವಿಬಾಂಡ್ ಅಥವಾ ಎರಡು ಬದಿಯ ಟೇಪು. ಫೆವಿಕ್ವಿಕ್ ಅನ್ನು ಕಿಟಕಿಯ ಹತ್ತಿರ ತರಲೇಬೇಡಿ. ಅದರ ಆವಿ ಪಾರದರ್ಶಕ ಹಾಳೆಯ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಈ ಕಾಟ ಹೆಚ್ಚು.

ಮೈದಾ ಅಂಟು ಅಗ್ಗವೇನೋ ಹೌದು. ಆದರೆ ಪಿಷ್ಟ ಅಂದರೆ ಜಿರಳೆಗೂ ಸಿಲ್ವರ್‌ಫಿಶ್ ಹುಳಕ್ಕೂ ಊಟ, ಬೂಷ್ಟಿಗೂ ಅಷ್ಟೇ. ಹಿಂದೆ ಬುಕ್ ಬೈಂಡಿಂಗ್ ಮಾಡುವವರು ಅದಕ್ಕೇ ಅಂಟು ಕುದಿಸುವಾಗ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದರು. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಕೊಡಗಿನ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ, ಹಾಗಂತ ಮಕ್ಕಳು ಮುಟ್ಟುವ ಪೆಟ್ಟಿಗೆಗೆ ಅದನ್ನು ಹಾಕುವುದು ಸರಿಯಲ್ಲ. ಅದು ವಿಷ. ಫೆವಿಕಾಲೇ ಇರಲಿ.

ಉಳಿದದ್ದು: ಕಟರ್ ಮತ್ತು ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್, ಮೂಲೆಮಟ್ಟ, ರೀಫಿಲ್ ಮುಗಿದ ಬಾಲ್‌ಪೆನ್, ಪೇಪರ್ ಟೇಪ್, ಬಟ್ಟೆ ಕ್ಲಿಪ್ಪು, ಅಕ್ರಿಲಿಕ್ ಬಣ್ಣ (ನೀಲಿ, ಬಿಳಿ, ಹಸಿರು, ಕಪ್ಪು, ಸ್ವಲ್ಪ ಕೆಂಪು), ಒಂದು ಮೇಣದಬತ್ತಿ, ಬಣ್ಣವಿಲ್ಲದ ನೇಲ್ ಪಾಲಿಶ್, ಹಳೆಯ ಕ್ಯಾಲೆಂಡರ್ ಹಾಳೆಗಳು.

ಕತ್ತರಿಸುವುದು

ತಟ್ಟೆಗೆ (ಕೆಳಪೆಟ್ಟಿಗೆ), 3 ಮಿ.ಮೀ. ರಟ್ಟಿನಲ್ಲಿ:
- ತಳ 200 × 140 ಮಿ.ಮೀ., ಒಂದು
- ಗಿಡ್ಡ ಗೋಡೆ 140 × 63, ಎರಡು
- ಉದ್ದ ಗೋಡೆ 206 × 63, ಎರಡು

ಮುಚ್ಚಳಕ್ಕೆ:
- ಮೇಲ್ಭಾಗ 210 × 150, ಒಂದು. ನಡುವೆ 170 × 110ರ ಕಿಟಕಿ, ಸುತ್ತ 20 ಮಿ.ಮೀ. ಅಂಚು
- ಗಿಡ್ಡ ಪಟ್ಟಿ 150 × 25, ಎರಡು
- ಉದ್ದ ಪಟ್ಟಿ 216 × 25, ಎರಡು

ಪದರಗಳ ನಡುವಿನ ಅಂತರಕ್ಕೆ: 140 × 15ರ ಆರು ಪಟ್ಟಿ, 40 × 15ರ ಆರು ತುಂಡು.

ಗೋಡೆಗಳನ್ನು ಕತ್ತರಿಸುವಾಗ ರಟ್ಟಿನೊಳಗಿನ ಅಲೆಗೆರೆ ಗೋಡೆಯ ಉದ್ದಕ್ಕೆ ಮಲಗಿರಬೇಕು. ಗೆರೆ ಅಡ್ಡ ಬಂದರೆ 206 ಮಿ.ಮೀ. ಗೋಡೆ ನಡುವೆ ಒಳಕ್ಕೆ ಬಾಗುತ್ತದೆ, ಜೊತೆಗೆ ಮೇಲಿನ ಅಂಚಿನಲ್ಲಿ ತೂತುಗಳು ಬಾಯಿ ತೆರೆದು ತೇವಕ್ಕೆ ಬಾಗಿಲಾಗುತ್ತವೆ.

ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲ ಗೀರು ಮೇಲಿನ ಕಾಗದಕ್ಕೆ, ಎರಡನೆಯದು ಅಲೆಗೆ, ಮೂರನೆಯದು ಕೆಳಗಿನ ಕಾಗದಕ್ಕೆ. ಅಂಚು ಜಜ್ಜಿಹೋದಂತೆ ಕಂಡರೆ ಬ್ಲೇಡಿನ ತುದಿ ಮುರಿದು ಹೊಸ ಮೊನೆ ತೆಗೆಯಿರಿ. ಮಳೆಗಾಲದಲ್ಲಿ ರಟ್ಟು ಮೆತ್ತಗಿರುವುದರಿಂದ ಬ್ಲೇಡು ಬೇಗ ಮೊಂಡಾದಂತೆ ಅನಿಸುತ್ತದೆ; ಆಗ ರಟ್ಟನ್ನು ಹಿಂದಿನ ರಾತ್ರಿ ಅಡುಗೆಮನೆಯ ಅಟ್ಟದಲ್ಲಿಟ್ಟು ತೇವ ತೆಗೆದರೆ ಕೆಲಸ ಹಗುರ. ಕಟರಿನ ಕೆಲಸ ದೊಡ್ಡವರದ್ದು. ಮಕ್ಕಳಿಗೆ ಮೀನು, ಹವಳ ಬೇಕಾದಷ್ಟಿದೆ.

ತಟ್ಟೆ ಕಟ್ಟುವುದು

ಗೋಡೆ ತಳದ ಮೇಲೆ ನಿಲ್ಲುವುದಿಲ್ಲ, ತಳದ ಪಕ್ಕಕ್ಕೆ ಒರಗುತ್ತದೆ. ಮೊದಲು ಎರಡು ಗಿಡ್ಡ ಗೋಡೆ, ಆಮೇಲೆ ಅವುಗಳ ಅಂಚನ್ನೂ ಮುಚ್ಚುವಂತೆ ಎರಡು ಉದ್ದ ಗೋಡೆ. ಅಂಚಿಗೆ ತೆಳುವಾಗಿ ಫೆವಿಕಾಲ್ ಸವರಿ, ಎರಡು ನಿಮಿಷ ಬಿಟ್ಟು, ಇನ್ನೊಮ್ಮೆ ಸವರಿ ಕೂರಿಸಿ. ಕತ್ತರಿಸಿದ ಅಂಚು ಮೊದಲ ಸಲದ ಅಂಟನ್ನೆಲ್ಲ ಕುಡಿದುಬಿಡುತ್ತದೆ. ಒಂದೇ ಸಲ ಹಚ್ಚಿದ ಮೂಲೆ ತಿಂಗಳೊಳಗೆ ಬಾಯಿಬಿಡುವುದು ಇದರಿಂದಲೇ. ಮೂಲೆಮಟ್ಟ ಇಟ್ಟು ನೋಡಿ, ಹೊರಗಿನಿಂದ ಪೇಪರ್ ಟೇಪ್ ಎಳೆದು ಕಟ್ಟಿ ರಾತ್ರಿಯಿಡೀ ಬಿಡಿ.

ಮರುದಿನ, ಹೊರಗೆ ಕಾಗದ ಹಚ್ಚುವ ಮೊದಲು ಒಂದು ಕೆಲಸ ಮರೆಯಬೇಡಿ. ಪೆಟ್ಟಿಗೆಯನ್ನು ಉದ್ದ ಗೋಡೆಯ ಮೇಲೆ ನಿಲ್ಲಿಸಿದಾಗ ಮೇಲೆ ಬರುವ ಗೋಡೆಯಲ್ಲಿ, ಹಿಂಬದಿಯಿಂದ 28 ಮಿ.ಮೀ. ಒಳಗೆ, ದಪ್ಪ ಸೂಜಿಯಿಂದ ಎರಡು ತೂತು ಹಾಕಿ. ಲೋಳೆಮೀನು ತೂಗುವುದು ಅಲ್ಲಿಂದ. ಹಳೆಯ ಟೆಲಿಫೋನ್ ವೈರಿನೊಳಗಿನ ತಂತಿಯನ್ನು ತೂರಿಸಿ, ಹೊರತುದಿಯನ್ನು ಬೆಂಕಿಕಡ್ಡಿಯ ಚೂರಿಗೆ ಸುತ್ತಿ ಅಂಟಿಸಿ. ಮೇಲೆ ಬರುವ ಕಾಗದ ಅದನ್ನು ಮುಚ್ಚುತ್ತದೆ. ದಾರ ಬೇಡ. ಪೆಟ್ಟಿಗೆ ಮಲಗಿಸಿದಾಗಲೆಲ್ಲ ದಾರ ಸಿಕ್ಕಾಗುತ್ತದೆ, ತಂತಿ ಇದ್ದಲ್ಲೇ ಇರುತ್ತದೆ.

ಹೊರಕವಚಕ್ಕೆ ಕ್ಯಾಲೆಂಡರ್ ಹಾಳೆಯ ಬಿಳಿ ಮುಖ ಮೇಲೆ ಬರುವಂತೆ 370 × 93 ಮಿ.ಮೀ.ನ ಎರಡು ಪಟ್ಟಿ. ಮೇಲೆ 15 ಮಿ.ಮೀ. ಒಳಕ್ಕೆ, ಕೆಳಗೆ 15 ಮಿ.ಮೀ. ತಳಕ್ಕೆ ಮಡಚುತ್ತದೆ. ನಾಲ್ಕು ಭಾಗ ಫೆವಿಕಾಲಿಗೆ ಒಂದು ಭಾಗ ನೀರು; ಇದಕ್ಕಿಂತ ತೆಳುವಾದರೆ ಕಾಗದ ಹಿಗ್ಗಿ ಗುಳ್ಳೆ ಏಳುತ್ತದೆ. ತಳದ ಹೊರಮುಖಕ್ಕೆ ಕಾಗದ ಅಂಟಿಸಿದರೆ ಒಳಮುಖಕ್ಕೂ ಅಂಟಿಸಲೇಬೇಕು. ಒಂದೇ ಮುಖಕ್ಕೆ ಅಂಟಿಸಿದ ಕಾಗದ ಒಣಗುವಾಗ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡೂ ಕಡೆ ಇದ್ದರೆ ಎಳೆತ ಸರಿಸಮ. ಸೊಟ್ಟಗಾದ ಬಹುಪಾಲು ಪೆಟ್ಟಿಗೆಗಳ ಕಾರಣ ಇದೊಂದೇ.

ಮುಚ್ಚಳ

ಕಟ್ಟುವ ಕ್ರಮ ತಟ್ಟೆಯದ್ದೇ: ಮೇಲ್ಭಾಗದ ಅಂಚಿಗೆ ಗಿಡ್ಡ ಪಟ್ಟಿ, ಆಮೇಲೆ ಉದ್ದ ಪಟ್ಟಿ. ಪಟ್ಟಿಗಳಿಗೆ 390 × 55ರ ಎರಡು ಕಾಗದ. ತಟ್ಟೆಯ ಹೊರ ಅಳತೆ 206 × 146, ಮುಚ್ಚಳದ ಒಳ ಅಳತೆ 210 × 150. ನಾಲ್ಕು ಮಿ.ಮೀ. ಸಡಿಲ ಜಾಸ್ತಿ ಎನಿಸಬಹುದು. ಬಯಲುಸೀಮೆಯಲ್ಲಾದರೆ ಎರಡೇ ಸಾಕಿತ್ತು. ಕೊಡಗಿನ ಮಳೆಯಲ್ಲಿ ರಟ್ಟು ಉಬ್ಬುತ್ತದೆ, ಎರಡೂ ಕಡೆ ಹಚ್ಚಿದ ಕಾಗದದ ದಪ್ಪವೂ ಸೇರುತ್ತದೆ. ಬಿಗಿ ಅಳತೆಯಲ್ಲಿ ಮಾಡಿದ ಮುಚ್ಚಳವನ್ನು ಆಗಸ್ಟ್‌ನಲ್ಲಿ ತೆಗೆಯಲು ಹೋದರೆ ಪಟ್ಟಿಯೇ ಕೈಗೆ ಬರುತ್ತದೆ. ಬೇಸಿಗೆಯಲ್ಲಿ ಜಾರದಂತೆ ಮುಚ್ಚಳದ ಬದಿಗೆ ಒಂದು ದೊಡ್ಡ ಗುಂಡಿ ಹೊಲಿದು, ತಟ್ಟೆಯಿಂದ ದಾರದ ಕುಣಿಕೆ ಬಿಟ್ಟು ಸಿಕ್ಕಿಸಿ.

ಬಣ್ಣ ಹಚ್ಚಿ ಪೂರ್ತಿ ಒಣಗಿದ ಮೇಲೆಯೇ ಕಿಟಕಿಯ ಹಾಳೆ. ಒಳಗಿನಿಂದ ಸುತ್ತ 10 ಮಿ.ಮೀ. ಒತ್ತಿಕೊಳ್ಳುವಂತೆ ಎರಡು ಬದಿಯ ಟೇಪಿನಲ್ಲಿ ಅಂಟಿಸಿ. ಹಾಳೆಯ ಮೂಲೆಗಳನ್ನು ಮಾತ್ರ ಹಿಡಿಯಿರಿ. ಒಳಮುಖಕ್ಕೆ ಬಿದ್ದ ಬೆರಳಚ್ಚನ್ನು ಕೊನೆಯಲ್ಲಿ ಒರೆಸಲು ಹೋದರೆ ಗೀರು ಬೀಳುತ್ತದೆ.

ಇಲ್ಲಿ ಒಂದು ಲೆಕ್ಕ ನೆನಪಿರಲಿ: ಮುಚ್ಚಳದ ಚೌಕಟ್ಟು ತಟ್ಟೆಯ ಒಳಭಾಗದ ಸುತ್ತ 15 ಮಿ.ಮೀ. ಮರೆಮಾಡುತ್ತದೆ. ಕಾಣಬೇಕಾದದ್ದು ಏನೇ ಇದ್ದರೂ ಅಂಚಿನಿಂದ 15 ಮಿ.ಮೀ. ಬಿಟ್ಟು ನಡುಭಾಗದಲ್ಲಿ ಇರಬೇಕು.

ನೀರಿನ ಬಣ್ಣ ಮತ್ತು ಮೂರು ಪದರ

ಬಹಳ ಪೆಟ್ಟಿಗೆಗಳು ಅಕ್ವೇರಿಯಂನಂತೆ ಕಾಣುವುದು ಎಲ್ಲ ಪದರಕ್ಕೂ ಒಂದೇ ನೀಲಿ ಬಳಿದು ಎಲ್ಲೆಡೆ ಕೆಂಪು ಮೀನು ಅಂಟಿಸುವುದರಿಂದ. ಸಮುದ್ರದ ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಮೊದಲ 5–10 ಮೀಟರಿನಲ್ಲೇ ಅದು ಬಹುಪಾಲು ಮಾಯ. ಆಳಕ್ಕೆ ಹೋಗುವುದು ನೀಲಿ. ಅಡ್ಡಕ್ಕೆ ನೋಡಿದರೂ ದೂರದ ವಸ್ತು ನೀರಿನ ಬಣ್ಣದಲ್ಲೇ ಕರಗುತ್ತದೆ. ಹಾಗಾಗಿ ಕೆಂಪು, ಕಿತ್ತಳೆ, ಹಳದಿ ಏನಿದ್ದರೂ ಮುಂದಿನ ಪದರಕ್ಕೆ ಮಾತ್ರ.

ಹಿಂಗೋಡೆಗೆ (ತಟ್ಟೆಯ ತಳ) ಮೇಲಿನಿಂದ ಕೆಳಕ್ಕೆ ಮೂರು ಪಟ್ಟೆ: ಮೇಲೆ ಬಿಳಿ ಮೂರು ಪಾಲಿಗೆ ನೀಲಿ ಒಂದು ಪಾಲು ಮತ್ತು ಹಸಿರಿನ ಒಂದು ತೊಟ್ಟು, ನಡುವೆ ಸಮಪಾಲು, ಕೆಳಗೆ ನೀಲಿ ನಾಲ್ಕು ಪಾಲಿಗೆ ಕಪ್ಪು ಕಾಲು ಪಾಲು. ಹಸಿಯಿರುವಾಗಲೇ ಒಣ ಬ್ರಷ್‌ನಿಂದ ಅಡ್ಡಡ್ಡ ಎಳೆದು ಗಡಿ ಅಳಿಸಿ. ಬ್ರಷ್‌ಗೆ ನೀರು ಹೆಚ್ಚು ಬೇಡ.

ಪದರ ಮೂರು, ತೆಳು ರಟ್ಟಿನಲ್ಲಿ ತಲಾ 198 × 138 ಮಿ.ಮೀ. ಪ್ರತಿಯೊಂದರಲ್ಲೂ ನಡುಭಾಗ ಕತ್ತರಿಸಿ ತೆಗೆದು, ಸುತ್ತ ಅಂಕುಡೊಂಕಾದ ಚೌಕಟ್ಟು ಉಳಿಸಬೇಕು. ಹಿಂದಿನದರ ಕೆಳಪಟ್ಟಿ 60 ಮಿ.ಮೀ. ಎತ್ತರ, ನಡುವಿನದರದ್ದು 45, ಮುಂದಿನದರದ್ದು 30. ಬದಿಗಳು 20ರಿಂದ 30, ಮೇಲಂಚು 20, ಅಲೆಯಾಕಾರದಲ್ಲಿ. ಹಿಂದಿನ ಪದರಕ್ಕೆ ಹಿಂಗೋಡೆಗಿಂತ ತುಸು ಗಾಢ ನೀಲಿ, ಅಷ್ಟೇ, ವಿವರ ಬಿಡಿಸಬೇಡಿ. ನಡುವಿನದಕ್ಕೆ ನೀಲಿ-ಹಸಿರು. ಮುಂದಿನದಕ್ಕೆ ಬೇಕಾದ ಬಣ್ಣ.

ಪೆಟ್ಟಿಗೆಯ ನೆಲಕ್ಕೆ ಮರಳು ಸುರಿಯುವುದು ವ್ಯರ್ಥ. ಮುಂದಿನ ಪದರದ ಕೆಳಪಟ್ಟಿ ಅದನ್ನು ಮುಚ್ಚುತ್ತದೆ. ಮರಳು ಪದರಗಳ ಕೆಳಪಟ್ಟಿಯ ಮೇಲೆಯೇ ಕೂರಬೇಕು. ನಾಲ್ಕು ಮೊಟ್ಟೆಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಳಪೊರೆ ಎಳೆದು ತೆಗೆದು, ಹಂಚಿನ ಮೇಲೆ ಬೆಚ್ಚಗೆ ಒಣಗಿಸಿ, ಲಟ್ಟಣಿಗೆಯಿಂದ ರವೆಗಿಂತ ತುಸು ದಪ್ಪಗೆ ಪುಡಿಮಾಡಿ. ಪೊರೆ ಉಳಿದರೆ ವಾಸನೆ ಬರುತ್ತದೆ, ಇರುವೆಯೂ ಬರುತ್ತದೆ. ನಿಜವಾದ ರವೆಯನ್ನೋ ಅಕ್ಕಿತರಿಯನ್ನೋ ಬಳಸಿದರೆ ಎರಡನೇ ಮಳೆಗಾಲಕ್ಕೆ ಹುಳ ಗ್ಯಾರಂಟಿ. ನೀರು ಬೆರೆಸದ ಫೆವಿಕಾಲ್ ಸವರಿ, ಪುಡಿ ಉದುರಿಸಿ, ಒತ್ತಿ, ಮರುದಿನ ಕೊಡವಿ. ಹಿಂಬದಿಗೂ ಅದೇ ಅಗಲಕ್ಕೆ ಅಂಟು ಸವರುವುದನ್ನು ಬಿಡಬೇಡಿ, ಇಲ್ಲದಿದ್ದರೆ ಪದರ ದೋಣಿಯಾಗುತ್ತದೆ.

ಮೀನು, ಲೋಳೆಮೀನು, ಹವಳ

ಕಿತ್ತಳೆ ಪಟ್ಟೆಯ ಮೀನು ಎಲ್ಲರೂ ಮಾಡುತ್ತಾರೆ. ಶುಕ್ರವಾರದ ಸಂತೆಯಲ್ಲಿ ಪರಿಚಯದವರಂತೆ ಎದುರಾಗುವ ಬಂಗುಡೆ, ಮತ್ತಿ ಮಾಡಿದರೆ ಪೆಟ್ಟಿಗೆಗೆ ನಮ್ಮದೇ ಅರಬ್ಬೀ ಸಮುದ್ರದ ಗುರುತು ಬರುತ್ತದೆ. ಇವೆರಡೂ ಗುಂಪಿನಲ್ಲಿ ಈಜುವ ಮೀನುಗಳು, ಪದರದ ಪೆಟ್ಟಿಗೆಗೆ ಗುಂಪೇ ಚೆಂದ.

ಕಾಫಿ ಪುಡಿಯ ಪ್ಯಾಕೆಟ್ಟಿನ ಬೆಳ್ಳಿ ಒಳಮೈಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಎಣ್ಣೆ ಪಸೆ ಇದ್ದರೆ ಟೇಪು ಹಿಡಿಯದು. ಎರಡು ಬದಿಯ ಟೇಪಿನಿಂದ ತೆಳು ರಟ್ಟಿಗೆ ಅಂಟಿಸಿ, ಆಮೇಲೆ ಮೀನಿನ ಆಕಾರ ಕತ್ತರಿಸಿ. ಬಂಗುಡೆ ಮುಂದಿನ ಪದರಕ್ಕೆ 35 ಮಿ.ಮೀ. ಉದ್ದ, 9 ಮಿ.ಮೀ. ಅಗಲ, ನಡುವಿಗೆ 25, ಹಿಂದಕ್ಕೆ 15. ಬಾಲದ ಸೀಳು ಆಳವಾಗಿರಲಿ. ಬೆನ್ನಿಗೆ ಪರ್ಮನೆಂಟ್ ಮಾರ್ಕರ್‌ನಿಂದ ನೀಲಿ-ಹಸಿರು, ಅದರ ಮೇಲೆ ಮೈಯುದ್ದಕ್ಕೆ ತೆಳು ಕಪ್ಪು ಗೀರುಗಳು, ಹೊಟ್ಟೆ ಬೆಳ್ಳಿಯಾಗಿಯೇ ಇರಲಿ. ಬೆನ್ನಿನ ಎರಡನೇ ರೆಕ್ಕೆಯ ಹಿಂದೆ ಬಾಲದವರೆಗೆ ಗರಗಸದ ಹಲ್ಲಿನಂಥ ಐದು ಪುಟ್ಟ ರೆಕ್ಕೆ ಕತ್ತರಿಸಿದರೆ ಯಾರೂ ಹೆಸರು ಕೇಳುವುದಿಲ್ಲ. ಮತ್ತಿಗೆ ಗೀರಿಲ್ಲ, ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಒಂದು ಕಪ್ಪು ಚುಕ್ಕೆ, ಅದರ ಬೆನ್ನಿಗೇ ಜೆಲ್ ಪೆನ್ನಿನ ಮಸುಕು ಚಿನ್ನದ ಚುಕ್ಕೆ. ಖಾಲಿ ಬಾಲ್‌ಪೆನ್ನಿನಿಂದ ಕಿವಿರಿನ ಗೆರೆ ಒತ್ತಿದಾಗ ಫಾಯಿಲ್ ಬೆಳಕು ಹಿಡಿಯುವ ರೀತಿಯೇ ಬದಲಾಗುತ್ತದೆ.

ಒಂಬತ್ತೋ ಹನ್ನೊಂದೋ ಮೀನು ಸಾಕು, ಎಲ್ಲದರ ಮುಖವೂ ಒಂದೇ ದಿಕ್ಕಿಗೆ. ಕಿಟಕಿ ಹಾಳೆ ಕತ್ತರಿಸಿ ಉಳಿದ ಚೂರಿನಲ್ಲಿ 4 ಮಿ.ಮೀ. ಅಗಲದ ಪಟ್ಟಿ ತೆಗೆದು ಮೂಲೆಯಾಕಾರಕ್ಕೆ ಮಡಚಿ, ಒಂದು ತುದಿ ಪದರದ ಅಂಚಿಗೆ, ಇನ್ನೊಂದು ಮೀನಿನ ಬೆನ್ನಿಗೆ. ಪದರಗಳ ನಡುವೆ 15 ಮಿ.ಮೀ. ಇರುವುದರಿಂದ ಮೀನು 10 ಮಿ.ಮೀ.ಗಿಂತ ಮುಂದೆ ಚಾಚಬಾರದು.

ಒಂಟಿ ಜುಮುಕಿಗಿಂತ ಒಳ್ಳೆಯ ಲೋಳೆಮೀನು ಇನ್ನೊಂದಿಲ್ಲ. ಅದರ ಅಂಚಿನ ಮಣಿಗಳಿಗೆ ಮುರಿದ ಸರದ ತೆಳು ಸರಪಳಿ ತುಂಡುಗಳನ್ನು 20–35 ಮಿ.ಮೀ. ಉದ್ದಕ್ಕೆ, ಬೇಕೆಂದೇ ಏರುಪೇರಾಗಿ ಸೇರಿಸಿ. ಜುಮುಕಿ ಇಲ್ಲವಾದರೆ ಮಾತ್ರೆ ಸ್ಟ್ರಿಪ್ಪಿನ ಪಾರದರ್ಶಕ ಗುಬುಟು ಕತ್ತರಿಸಿ. ಅದರ ಫಾಯಿಲ್ ಅಂಚು ಬೆರಳು ಕೊಯ್ಯುತ್ತದೆ, ಮಕ್ಕಳ ಕೈಗೆ ಕೊಡುವ ಮೊದಲು ಫಾಯಿಲ್ ಪೂರ್ತಿ ಕೀಳಿ. ಹರಿದ ಇಮಿಟೇಶನ್ ಜೋಮಾಲೆ (ಕೊಡವ ಹೆಂಗಸರು ತೊಡುವ ಚಿನ್ನದ ಮಣಿಸರದ ನಕಲು) ಇದ್ದರೆ ಅದರ ಮಣಿಗಳು ಮೇಲೇರುವ ಗುಳ್ಳೆಗಳಾಗುತ್ತವೆ. ಅಜ್ಜಿಯ ನಿಜವಾದ ಜೋಮಾಲೆಗೆ ಕೈ ಹಾಕಬೇಡಿ ಎಂದು ಹೇಳಬೇಕಿಲ್ಲವಷ್ಟೆ.

ಹವಳಕ್ಕೆ ಮೊಟ್ಟೆ ಟ್ರೇಯ ಚೂಪು ಕೋನಗಳು. ಕಲೆ ಇಲ್ಲದ್ದನ್ನೇ ಆರಿಸಿ. ಅಂಚನ್ನು ಕತ್ತರಿಸದೆ ಹರಿಯಿರಿ, ನಾರು ಕಾಣಬೇಕು. ಸೇಬು, ಪಪ್ಪಾಯಿಗೆ ತೊಡಿಸುವ ಫೋಮ್ ಬಲೆ ಮೆತ್ತನೆ ಹವಳವಾಗುತ್ತದೆ, ಆದರೆ ಅದಕ್ಕೆ ಬಣ್ಣ ನಿಲ್ಲುವುದಿಲ್ಲ. ಬಿಳಿಯನ್ನೋ ಗುಲಾಬಿಯನ್ನೋ ಇದ್ದಂತೆಯೇ ಬಳಸಿ. ಕಡಲತೀರಕ್ಕೆ ಹೋದಾಗ ಹೆಕ್ಕಿ ತಂದ ನಿಜವಾದ ಹವಳದ ತುಂಡು, ಒಣಗಿದ ಕಡಲಕುದುರೆ ಬೇಡವೇ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿಯಲ್ಲಿ ಅವು ಸಂರಕ್ಷಿತ, ಇಟ್ಟುಕೊಳ್ಳುವುದೂ ಅಪರಾಧ.

ಕಬ್ಬಿಣದ ಯಾವ ಚೂರಿದ್ದರೂ (ಬೀಗದ ಕೈ, ಪಿನ್ನು, ಗಡಿಯಾರದ ಚಕ್ರ) ಎರಡು ಸಲ ನೇಲ್ ಪಾಲಿಶ್ ಬಳಿದೇ ಒಳಗೆ ಬಿಡಿ. ಇಲ್ಲದಿದ್ದರೆ ತುಕ್ಕು ಕಾಗದಕ್ಕೆ ಇಳಿದು ಕಂದು ಕಲೆ ಹರಡುತ್ತದೆ. ಕೈಯಲ್ಲಿ ಹಿಡಿದಾಗ ಭಾರ ಗೊತ್ತಾಗುವಂಥ ವಸ್ತುವನ್ನು ಅಂಟಿಗೆ ನಂಬಬೇಡಿ, ಸೂಜಿದಾರದಿಂದ ರಟ್ಟಿಗೆ ಹೊಲಿಯಿರಿ.

ಜೋಡಣೆ

ಎಲ್ಲ ತುಂಡೂ ಕೆನ್ನೆಗಿಟ್ಟರೆ ತಣ್ಣಗೆ ತಾಗಬಾರದು. ತಣ್ಣಗಿದ್ದರೆ ಒಳಗೆ ತೇವ ಇನ್ನೂ ಇದೆ. ಹಿಂಗೋಡೆಯ ಕೆಳಮೂಲೆಯಲ್ಲಿ, 60 ಮಿ.ಮೀ. ಪಟ್ಟಿಯ ಮರೆಯಲ್ಲಿ, ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಷ್ಟೋ ದಿನದಿಂದ ತೆರೆದೇ ಬಿದ್ದಿದ್ದ ಪೊಟ್ಟಣ ಆಗಲೇ ತೇವ ಕುಡಿದಿರುತ್ತದೆ, ಹೊಸ ಡಬ್ಬದಿಂದ ತೆಗೆದದ್ದೇ ಆಗಬೇಕು.

ಎಡ-ಬಲ ಗೋಡೆಗೆ 140ರ ಪಟ್ಟಿ, ಮೇಲಿನ ಎರಡು ಮೂಲೆಗೆ 40ರ ತುಂಡು ಅಂಟಿಸಿ, ಅವುಗಳ ಅಂಚಿನ ಮೇಲೆ ಹಿಂದಿನ ಪದರ ಕೂರಿಸಿ. ಈಗಲೇ ಜುಮುಕಿ ತಂತಿಗೆ ಕಟ್ಟಿ. ನಡುವಿನ ಪದರ ಬಂದ ಮೇಲೆ ಬೆರಳು ಹೋಗುವುದಿಲ್ಲ. ಮತ್ತೆ ಪಟ್ಟಿ, ನಡುವಿನ ಪದರ, ಮತ್ತೆ ಪಟ್ಟಿ, ಮುಂದಿನ ಪದರ. ಕಿಟಕಿಗೂ ಮುಂದಿನ ಪದರಕ್ಕೂ ನಡುವೆ ಸುಮಾರು 13 ಮಿ.ಮೀ. ಉಳಿಯುತ್ತದೆ; ದಪ್ಪ ಹವಳ, ಗುಂಡಿ ಎಲ್ಲ ಅಲ್ಲಿಗೆ. ಪ್ರತಿ ಪದರಕ್ಕೂ ಅಂಟು ಹಿಡಿಯಲು ಎರಡು ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ. ಅವಸರದಲ್ಲಿ ಮುಚ್ಚಳ ಹಾಕಿದರೆ ಫೆವಿಕಾಲಿನಿಂದ ಹೊರಟ ನೀರು ಕಿಟಕಿಯ ಒಳಮೈಗೆ ಹಬೆಯಾಗಿ ಕೂರುತ್ತದೆ. ಹಾಗಾದರೆ ಮುಚ್ಚಳ ತೆಗೆದು ಎರಡು ದಿನ ಬಿಡಿ, ಒರೆಸಬೇಡಿ.

ಕೊನೆಗೆ ಹೊಳಪು ಬರಲೆಂದು ತೆಳು ಫೆವಿಕಾಲ್ ಬಳಿಯುವ ಅಭ್ಯಾಸ ಹಲವರಿಗಿದೆ. ಒಣಗಿದ ಫೆವಿಕಾಲ್ ತೇವ ಕಂಡರೆ ಮತ್ತೆ ಜಿಗುಟಾಗುತ್ತದೆ, ಮುಚ್ಚಳ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಅಕ್ರಿಲಿಕ್ ವಾರ್ನಿಶ್ ಎರಡು ತೆಳು ಲೇಪ ಬಳಿಯಿರಿ, ಆಮೇಲೆ ತಟ್ಟೆಯ ಮೇಲಂಚಿಗೂ ಮುಚ್ಚಳದ ಪಟ್ಟಿಯ ಒಳಮೈಗೂ ಮೇಣದಬತ್ತಿ ಉಜ್ಜಿ. ಹಾಗಿದ್ದೂ ಮಳೆಯಲ್ಲಿ ಮುಚ್ಚಳ ಬಿಗಿಯಾದರೆ ಎಳೆಯಬೇಡಿ. ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲೆ ಒಂದು ದಿನ ಇಟ್ಟು, ಎರಡೂ ಗಿಡ್ಡ ಬದಿಗಳನ್ನು ಒಟ್ಟಿಗೆ ಮೇಲಕ್ಕೆತ್ತಿ. ಮಣ್ಣಿನ ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ಎರಡು ಬೆರಳು ಗಾಳಿ ಆಡಲಿ. ಬೂಷ್ಟಿನ ಬಿಳಿ ಚುಕ್ಕೆ ಕಂಡರೆ ಹೊರಗೆ ತಂದು ಒಣ ಬ್ರಷ್‌ನಿಂದ ಉದುರಿಸಿ, ಬಿಸಿಲು ಬಂದ ದಿನ ಮುಚ್ಚಳ ತೆಗೆದು ಒಂದು ಗಂಟೆ ಇಡಿ; ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಮಾರ್ಕರ್‌ನ ಬಣ್ಣ ಮಾಸಿ ಬಂಗುಡೆಯ ಬೆನ್ನು ಬಿಳಿಚಿಕೊಳ್ಳುತ್ತದೆ.